ಜೆರೋಮನ ಹಾವಾಡಿಗ: ನಿಖರವಾದ ಚಿತ್ರ ಯಾವುದಕ್ಕೆ ಸಾಕ್ಷಿ?

ಚಿತ್ರದಲ್ಲಿ ವಿವರ ಎಷ್ಟು ಸೂಕ್ಷ್ಮವೋ ಅಷ್ಟರಮಟ್ಟಿಗೆ ಅದು ನಿಜ ಎಂಬ ನಂಬಿಕೆ ಓದುಬರಹ ಬಲ್ಲವರಲ್ಲೂ ಬಲವಾಗಿ ಬೇರೂರಿದೆ. ಗೋಡೆಯ ಬಿರುಕು, ಬಟ್ಟೆಯ ನೆರಿಗೆ, ಕತ್ತಿಯ ಹಿಡಿಯ ಕುಸುರಿ ಇವನ್ನೆಲ್ಲ ಕೂದಲೆಳೆಯಷ್ಟೂ ತಪ್ಪದೆ ಬರೆದವನು ಕಣ್ಣಾರೆ ಕಂಡದ್ದನ್ನೇ ಬರೆದಿರಬೇಕು ಎಂದು ನೋಡುವವರಿಗೆ ಸಹಜವಾಗಿಯೇ ಅನ್ನಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಅಕಾಡೆಮಿಗಳಲ್ಲಿ ಪಳಗಿದ ಕಲಾವಿದರು ಈಜಿಪ್ಟ್, ತುರ್ಕಿ, ಮೊರಾಕ್ಕೊ, ಭಾರತಗಳ ಜನಜೀವನವೆಂದು ಬರೆದ ವರ್ಣಚಿತ್ರಗಳಿಗೆ ಈ ನಂಬಿಕೆ ವಿಶೇಷವಾಗಿ ಅಂಟಿಕೊಂಡಿದೆ. ಕಲಾಚರಿತ್ರೆಯಲ್ಲಿ ‘ಓರಿಯೆಂಟಲಿಸ್ಟ್’ ಎಂದು ಕರೆಸಿಕೊಳ್ಳುವ ಈ ಚಿತ್ರಗಳು ಇತಿಹಾಸದ ಪುಸ್ತಕಗಳಲ್ಲಿ, ರಕ್ಷಾಪುಟಗಳಲ್ಲಿ, ಚುನಾವಣೆಯ ಭಿತ್ತಿಪತ್ರಗಳಲ್ಲಿ ಕೂಡ ಆ ಕಾಲದ ಫೋಟೋಗಳೋ ಎಂಬಂತೆ ಬಳಕೆಯಾಗುತ್ತವೆ. ಇವನ್ನು ಕಟುವಾಗಿ ಟೀಕಿಸುವವರೂ ಎಷ್ಟೋ ಸಲ ಇದೇ ನಂಬಿಕೆಯ ಮೇಲೆ ನಿಂತು ಮಾತಾಡುತ್ತಾರೆ: ವಿವರ ತಪ್ಪೆಂದು ತೋರಿಸಿಬಿಟ್ಟರೆ ಚಿತ್ರದ ಬಂಡವಾಳ ಬಯಲಾದಂತೆ ಎಂಬುದು ಅವರ ಎಣಿಕೆ. ವಿವರ ನಿಖರವಾಗಿರುವುದು ಬೇರೆ, ಆ ವಿವರಗಳ ಮೂಲಕ ಚಿತ್ರ ಹೇಳುತ್ತಿರುವ ಮಾತು ನಿಜವಾಗಿರುವುದು ಬೇರೆ. ಎರಡೂ ಕಡೆಯವರು ಈ ಅಂತರವನ್ನು ಮರೆಯುತ್ತಾರೆ.

ಇದನ್ನು ಬಿಡಿಸಿ ನೋಡಲು ಫ್ರಾನ್ಸಿನ ಜ್ಯಾಂ-ಲೆಯೋಂ ಜೆರೋಮ್ 1879ರ ಸುಮಾರಿಗೆ ಬರೆದ ‘ಹಾವಾಡಿಗ’ ತೈಲಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಟೌನಿನಲ್ಲಿರುವ ಕ್ಲಾರ್ಕ್ ಕಲಾ ಸಂಸ್ಥೆಯಲ್ಲಿ ಅದು ಇದೆ. ಅಗಲ ಸುಮಾರು 121 ಸೆಂಟಿಮೀಟರ್, ಎತ್ತರ ಸುಮಾರು 82. ನಡುವೆ ಹಾಸಿದ ಚಿಕ್ಕ ರತ್ನಗಂಬಳಿಯ ಮೇಲೆ ಬತ್ತಲೆ ಹುಡುಗನೊಬ್ಬ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಹೆಬ್ಬಾವಿನಂಥ ದಪ್ಪ ಹಾವು ಅವನ ಸೊಂಟ ಸುತ್ತಿ ಹೆಗಲ ಮೇಲೆ ಹಾದಿದೆ. ಪಕ್ಕದಲ್ಲಿ ಮುದುಕನೊಬ್ಬ ಕುಳಿತು ಕೊಳಲು ಊದುತ್ತಿದ್ದಾನೆ. ಎದುರಿಗೆ ಗೋಡೆಗೆ ಬೆನ್ನು ಕೊಟ್ಟು, ಬಗೆಬಗೆಯ ಉಡುಪು ತೊಟ್ಟ ಶಸ್ತ್ರಧಾರಿ ಗಂಡಸರ ಗುಂಪು ನೆಲದ ಮೇಲೆ ಕೂತು ಆಟ ನೋಡುತ್ತಿದೆ. ಅವರ ಹಿಂದೆ ಗೋಡೆಯ ತುಂಬ ಹೊಳೆಯುವ ನೀಲಿ ಟೈಲ್ಸ್, ಮೇಲ್ಭಾಗದಲ್ಲಿ ಅರಬ್ಬಿ ಲಿಪಿಯ ಉದ್ದನೆಯ ಪಟ್ಟಿ. ಟೈಲುಗಳು ಅಲ್ಲಲ್ಲಿ ಒಡೆದಿವೆ, ಕಿತ್ತುಬಂದಿವೆ. ಹತ್ತಿರ ಹೋಗಿ ನೋಡಿದರೂ ಕುಂಚ ಆಡಿದ ಗುರುತು ಕಾಣದಷ್ಟು ಮೈ ನುಣುಪಾಗಿದೆ. 1978ರಲ್ಲಿ ಎಡ್ವರ್ಡ್ ಸೈದ್ ಅವರ ‘ಓರಿಯೆಂಟಲಿಸಂ’ ಪುಸ್ತಕದ ರಕ್ಷಾಪುಟಕ್ಕೆ ಬಂದ ಮೇಲೆ ಈ ಚಿತ್ರ ಒಂದು ಇಡೀ ವಾಗ್ವಾದದ ಗುರುತಾಗಿ ನಿಂತಿತು. ಪುಸ್ತಕದ ವಿಷಯ ಮುಖ್ಯವಾಗಿ ವಿದ್ವಾಂಸರು, ಕಾದಂಬರಿಕಾರರು, ಆಡಳಿತಗಾರರು ಪೂರ್ವದೇಶಗಳ ಬಗ್ಗೆ ಬರೆದದ್ದು. ಚಿತ್ರಕಲೆ ಅಲ್ಲಿ ಹಾದುಹೋಗುವ ಮಾತಾಗಿ ಮಾತ್ರ ಬರುತ್ತದೆ.

ಜೆರೋಮನ ಚಿತ್ರಗಳನ್ನು ದಾಖಲೆಯೆಂದು ನಂಬುವವರ ವಾದಕ್ಕೆ ಆಧಾರವಿಲ್ಲದಿಲ್ಲ. ಆತ ಪ್ಯಾರಿಸ್ಸಿನ ಕೋಣೆಯಲ್ಲಿ ಕೂತು ಪೂರ್ವದೇಶದ ಕನಸು ಕಂಡವನಲ್ಲ. 1824ರಲ್ಲಿ ವೆಸೂಲ್ ಪಟ್ಟಣದಲ್ಲಿ ಹುಟ್ಟಿದ ಜೆರೋಮ್ 1856ರಲ್ಲಿ ಮೊದಲ ಬಾರಿ ಈಜಿಪ್ಟಿಗೆ ಹೋದ. ಮುಂದೆ ಅಮೆರಿಕದ ಸ್ವಾತಂತ್ರ್ಯ ದೇವಿಯ ಪ್ರತಿಮೆ ಮಾಡಿದ ಶಿಲ್ಪಿ ಬಾರ್ತೋಲ್ಡಿ ಆ ಪ್ರವಾಸದಲ್ಲಿ ಜೊತೆಗಿದ್ದ. ಆಮೇಲೂ ಈಜಿಪ್ಟ್ ಮತ್ತು ತುರ್ಕಿಗೆ ಮತ್ತೆ ಮತ್ತೆ ಹೋಗಿ ರೇಖಾಚಿತ್ರ ಬರೆದುಕೊಂಡ, ಉಡುಪು ಮತ್ತು ಆಯುಧಗಳನ್ನು ಸಂಗ್ರಹಿಸಿದ, ಇಸ್ತಾಂಬುಲಿನ ಅಬ್ದುಲ್ಲಾ ಸಹೋದರರ ಸ್ಟುಡಿಯೋದಿಂದ ಫೋಟೋಗಳನ್ನು ಕೊಂಡು ತಂದ. 1857ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಈಜಿಪ್ಟ್ ಚಿತ್ರಗಳನ್ನು ಕಂಡ ಲೇಖಕ ತಿಯೋಫಿಲ್ ಗೋತಿಯೇ ಜನಾಂಗಗಳ ಅಧ್ಯಯನಕ್ಕೇ ನೆರವಾಗುವಂಥ ನಿಖರತೆ ಅವುಗಳಲ್ಲಿದೆ ಎಂದು ಹೊಗಳಿದ. ಇಷ್ಟು ಓಡಾಡಿ, ಇಷ್ಟು ಶ್ರಮಪಟ್ಟು ಬರೆದದ್ದನ್ನು ಕಟ್ಟುಕತೆ ಎಂದು ತಳ್ಳಿಹಾಕುವುದು ಅನ್ಯಾಯ ಎಂದು ಈ ಪಕ್ಷದವರು ಹೇಳುತ್ತಾರೆ. ಮಾತು ನ್ಯಾಯವಾಗಿಯೇ ಇದೆ, ಆದರೆ ಅದು ಎಷ್ಟು ದೂರ ಸಲ್ಲುತ್ತದೆ ಎಂಬುದು ಪ್ರಶ್ನೆ.

ಅದನ್ನು ಅಳೆಯಬೇಕಾದರೆ ‘ನಿಖರತೆ’ ಎಂದು ಒಂದೇ ಮಾತಿನಲ್ಲಿ ಹೇಳುವುದನ್ನು ಮೂರಾಗಿ ಒಡೆಯಬೇಕಾಗುತ್ತದೆ.

1. ವಸ್ತುವಿನ ನಿಖರತೆ. ಇಂಥ ಟೈಲು, ಇಂಥ ಕತ್ತಿ, ಇಂಥ ಮುಂಡಾಸು ಎಲ್ಲಾದರೂ ನಿಜವಾಗಿ ಇತ್ತೇ?

2. ಜೋಡಣೆಯ ನಿಖರತೆ. ಚಿತ್ರದಲ್ಲಿ ಒಟ್ಟಿಗಿರುವ ವಸ್ತುಗಳೂ ಜನರೂ ಯಾವುದಾದರೂ ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಹೀಗೆ ಒಟ್ಟಿಗಿದ್ದರೇ?

3. ಪ್ರಾತಿನಿಧ್ಯದ ನಿಖರತೆ. ಅಂಥ ದೃಶ್ಯ ನಡೆದದ್ದೇ ಹೌದಾದರೂ, ಒಂದು ಸಮಾಜ ಹೇಗಿತ್ತು ಎಂದು ಹೇಳಲು ಆ ದೃಶ್ಯ ಸಾಕೇ?

ಮೊದಲನೆಯದು ಸಿದ್ಧವಾದ ಮಾತ್ರಕ್ಕೆ ಎರಡನೆಯದು ಸಿದ್ಧವಾಗುವುದಿಲ್ಲ, ಎರಡನೆಯದು ಸಿದ್ಧವಾದರೂ ಮೂರನೆಯದು ಬಾಕಿ ಉಳಿಯುತ್ತದೆ. ನೋಡುವವರ ಮನಸ್ಸು ಮಾತ್ರ ಮೊದಲ ಮೆಟ್ಟಿಲಲ್ಲಿ ಗಳಿಸಿದ ವಿಶ್ವಾಸವನ್ನೇ ಹೊತ್ತುಕೊಂಡು ಸದ್ದಿಲ್ಲದೆ ಮೂರನೆಯದಕ್ಕೆ ಏರಿಬಿಡುತ್ತದೆ. ಟೈಲ್ಸ್ ನಿಜ, ಆದ್ದರಿಂದ ಆಟ ನಿಜ, ಆದ್ದರಿಂದ ಪೂರ್ವದೇಶದ ಬದುಕೇ ಹೀಗೆ ಎಂದು ತೀರ್ಮಾನಿಸುತ್ತದೆ. ಎರಡು ಕಡೆ ಬಂದ ಈ ‘ಆದ್ದರಿಂದ’ಕ್ಕೆ ಆಧಾರವೇನೂ ಇಲ್ಲ.

ಮೊದಲ ಮೆಟ್ಟಿಲಿನಲ್ಲಿ ಜೆರೋಮ್ ಚೆನ್ನಾಗಿಯೇ ತೇರ್ಗಡೆಯಾಗುತ್ತಾನೆ. ನೀಲಿ ಗೋಡೆ ಅವನ ಕಲ್ಪನೆಯಲ್ಲ. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ‘ಚಿನ್ನದ ಹಾದಿ’ ಎಂಬ ಓಣಿಯಲ್ಲೂ ಬಾಗ್ದಾದ್ ಮಂಟಪದಲ್ಲೂ ಇರುವ ಇಜ್ನಿಕ್ ಟೈಲುಗಳೇ ಅದಕ್ಕೆ ಮೂಲ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬಳ್ಳಿಯ ತಿರುವು, ಹೂವಿನ ಎಸಳು, ಟೈಲಿಗೂ ಟೈಲಿಗೂ ನಡುವಿನ ಸಂದು ಎಲ್ಲವೂ ಅಲ್ಲಿವೆ. ಗೋಡೆಯ ಮೇಲಿನ ಬರಹದ ದೊಡ್ಡ ಪಟ್ಟಿ ತುಲುತ್ ಶೈಲಿಯ ಲಿಪಿಯಲ್ಲಿದ್ದು, ಕುರಾನಿನ ಅಲ್-ಬಕರಾ ಅಧ್ಯಾಯದ 256ನೆಯ ವಚನವೆಂದು ಸಲೀಸಾಗಿ ಓದಬಹುದು. ಒಟ್ಟೊಮನ್ ಟೈಲುಗಳ ಅಭ್ಯಾಸಿಗೆ ಈ ಗೋಡೆ ಇಂದಿಗೂ ಉಪಯುಕ್ತ ದಾಖಲೆ.

ಎರಡನೆಯ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಕತೆ ಬದಲಾಗುತ್ತದೆ. ಒಟ್ಟೊಮನ್ ಅರಮನೆಯ ಅಂತಃಪುರದ ಹಾದಿಯಲ್ಲಿ ಹಾವಾಡಿಸುವ ಪದ್ಧತಿ ಇರಲಿಲ್ಲ. ಹಾವಾಡಿಗರು ಇದ್ದದ್ದು ಈಜಿಪ್ಟಿನಲ್ಲಿ. ಕಾದಂಬರಿಕಾರ ಗುಸ್ತಾವ್ ಫ್ಲೊಬೇರ್ ಜೊತೆ 1849ರಿಂದ 1851ರವರೆಗೆ ಪ್ರವಾಸ ಮಾಡಿದ ಮಾಕ್ಸೀಮ್ ದ್ಯೂ ಕಾಂ ಕೈರೋದಲ್ಲಿ ಇಂಥ ಆಟ ಕಂಡು ಬರೆದಿದ್ದಾನೆ. ಹಾವನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡಿಲ್ಲ ಎಂದು ತೋರಿಸಲು ಹುಡುಗ ಬಟ್ಟೆ ಕಳಚುತ್ತಿದ್ದ ಸಂಗತಿಯೂ ಆ ವರ್ಣನೆಯಲ್ಲಿದೆ. ಅಂದರೆ ಬತ್ತಲೆ ಹುಡುಗನಿಗೂ ಒಂದು ಆಧಾರ ಇದೆ, ಟೈಲುಗಳಿಗೂ ಒಂದು ಆಧಾರ ಇದೆ. ಆದರೆ ಒಂದು ಕೈರೋದ್ದು, ಇನ್ನೊಂದು ಇಸ್ತಾಂಬುಲಿನದು. ನಡುವೆ ಒಂದು ಸಮುದ್ರವೇ ಇದೆ. ಗೋಡೆಗೊರಗಿ ಕೂತವರ ಉಡುಪು, ಆಯುಧಗಳು ಒಂದೇ ನಾಡಿನವಲ್ಲ. ಚಿತ್ರಕ್ಕೆ ಒಡೆಯನಾದ ಕ್ಲಾರ್ಕ್ ಸಂಸ್ಥೆಯೇ, ಜೆರೋಮ್ ಇಂಥ ದೃಶ್ಯವನ್ನು ಕಂಡಿರಲು ಸಾಧ್ಯವಿಲ್ಲ ಎಂದು ತನ್ನ ವಿವರಣೆಯಲ್ಲಿ ಸ್ಪಷ್ಟಪಡಿಸಿದೆ. ಹೋಲಿಕೆಗೆ ನಮ್ಮ ರಂಗಭೂಮಿಯನ್ನೇ ನೋಡಬಹುದು: ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆ, ಕುದುರೆಗಳನ್ನು ರಂಗದ ಮೇಲೆ ತರುತ್ತಿದ್ದರು. ಆನೆ ಅಪ್ಪಟ ಆನೆಯೇ, ಆದರೆ ಅದನ್ನು ಕಂಡವರು ಯುದ್ಧವನ್ನು ಕಂಡೆವು ಎಂದುಕೊಳ್ಳಲಿಲ್ಲ. ರಂಗದ ಮೇಲೆ ಪರದೆ ಇದೆ, ನೋಡುವವನಿಗೆ ಟಿಕೆಟ್ಟಿನ ಅರಿವಿದೆ. ಕುಂಚದ ಗುರುತನ್ನೆಲ್ಲ ಅಳಿಸಿದ ಜೆರೋಮನ ನುಣುಪು ಮೈ ಅಂಥ ಪರದೆಯನ್ನೇ ಇಲ್ಲವಾಗಿಸುತ್ತದೆ.

ಒಂದು ವಿವರದ ಮೇಲಿನ ವಿಶ್ವಾಸ ಇನ್ನೊಂದಕ್ಕೆ ಹೇಗೆ ಹರಿಯುತ್ತದೆ ಎಂಬುದಕ್ಕೆ ಜೆರೋಮನದೇ ಇನ್ನೊಂದು ಚಿತ್ರ ಸಾಕ್ಷಿ. 1872ರಲ್ಲಿ ಆತ ಬರೆದ ರೋಮನ್ ಗ್ಲಾಡಿಯೇಟರ್‌ಗಳ ಚಿತ್ರ, ‘ಪೊಲ್ಲಿಚೆ ವರ್ಸೊ’, ಈಗ ಅಮೆರಿಕದ ಫೀನಿಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿನ ಶಿರಸ್ತ್ರಾಣ, ಕವಚಗಳಿಗೆ ಪಾಂಪೇಯ ಉತ್ಖನನದಲ್ಲಿ ಸಿಕ್ಕ ನಿಜವಾದ ವಸ್ತುಗಳೇ ಮಾದರಿ. ಗೆದ್ದವನು ಬಿದ್ದವನ ಕೊರಳ ಮೇಲೆ ಕಾಲಿಟ್ಟು ನಿಂತಿದ್ದಾನೆ. ಮೇಲೆ ಕೂತ ಪ್ರೇಕ್ಷಕರು ಹೆಬ್ಬೆರಳನ್ನು ಕೆಳಗೆ ಮಾಡಿ ‘ಕೊಲ್ಲು’ ಎನ್ನುತ್ತಿದ್ದಾರೆ. ಪ್ರಾಚೀನ ಬರಹಗಳಲ್ಲಿ ಹೆಬ್ಬೆರಳನ್ನು ತಿರುಗಿಸುತ್ತಿದ್ದರು ಎಂದಿದೆಯೇ ಹೊರತು ಯಾವ ದಿಕ್ಕಿಗೆ ಎಂಬುದು ಖಚಿತವಿಲ್ಲ. ಆದರೂ ರೋಮನ್ನರು ಹೆಬ್ಬೆರಳು ಕೆಳಗೆ ತೋರಿಸಿ ಸಾವಿನ ತೀರ್ಪು ಕೊಡುತ್ತಿದ್ದರು ಎಂಬುದು ಇಂದು ಲೋಕದ ತಿಳಿವಳಿಕೆಯಾಗಿದೆ. ಆ ಚಿತ್ರದಿಂದ ಸ್ಫೂರ್ತಿ ಪಡೆದ 2000ನೆಯ ಇಸವಿಯ ‘ಗ್ಲಾಡಿಯೇಟರ್’ ಸಿನಿಮಾ ಅದನ್ನು ಇನ್ನಷ್ಟು ಹರಡಿತು. ಕವಚ ಅಷ್ಟು ನಿಖರವಾಗಿದ್ದುದರಿಂದಲೇ ಹೆಬ್ಬೆರಳನ್ನು ಹೆಚ್ಚಿನವರು ಪ್ರಶ್ನಿಸಲಿಲ್ಲ.

ಮೂರನೆಯ ಮೆಟ್ಟಿಲು ಎಲ್ಲಕ್ಕಿಂತ ಅಪಾಯದ್ದು. ಇದನ್ನು ಭಾರತೀಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ಭಾರತವೆಂದರೆ ಹಾವಾಡಿಗರ ನಾಡು ಎಂಬ ಮಾತು ಪಶ್ಚಿಮದಲ್ಲಿ ಬಹುಕಾಲ ಓಡಾಡಿತು. ಆ ಮಾತು ತಪ್ಪಾದದ್ದು ಇಲ್ಲಿ ಹಾವಾಡಿಗರು ಇರಲಿಲ್ಲವೆಂದಲ್ಲ. ಅವರು ಇದ್ದರು, ಸಂತೆ ಜಾತ್ರೆಗಳಲ್ಲಿ ಪುಂಗಿ ಊದಿ ಹೊಟ್ಟೆ ಹೊರೆಯುತ್ತಿದ್ದರು. ಅವರನ್ನೇ ನಾಡಿನ ಗುರುತಾಗಿ ನಿಲ್ಲಿಸಿ, ರೈತರನ್ನು, ನೇಕಾರರನ್ನು, ಗಣಿತಜ್ಞರನ್ನು, ಕಾರ್ಖಾನೆಯ ಕೆಲಸಗಾರರನ್ನು ಕಣ್ಣಿನಿಂದ ಮರೆಮಾಡಿದ್ದು ತಪ್ಪು. ಯಾವ ಹಾವಾಡಿಗನ ಫೋಟೋವನ್ನು ಎಷ್ಟೇ ಸ್ಪಷ್ಟವಾಗಿ ತೆಗೆದರೂ ಈ ತಪ್ಪು ಸರಿಹೋಗುವುದಿಲ್ಲ, ಏಕೆಂದರೆ ತಪ್ಪು ಇರುವುದು ಫೋಟೋದ ಸ್ಪಷ್ಟತೆಯಲ್ಲಲ್ಲ, ಅದರಿಂದ ತೆಗೆದ ತೀರ್ಮಾನದಲ್ಲಿ. ಜೆರೋಮ್ ಕುಂಚ ಹಿಡಿದಿದ್ದ ಕಾಲದ ಕೈರೋದಲ್ಲಿ ಹಾವಾಡಿಗರಷ್ಟೇ ಅಲ್ಲ, ರೈಲು ಇತ್ತು, 1869ರಲ್ಲಿ ತೆರೆದ ಒಪೆರಾ ಮಂದಿರ ಇತ್ತು. ಅದೇ ವರ್ಷ ಸೂಯೆಜ್ ಕಾಲುವೆ ಉದ್ಘಾಟನೆಯಾಯಿತು. 1879ರಲ್ಲಿ, ಅಂದರೆ ಈ ಚಿತ್ರದ ಆಸುಪಾಸಿನಲ್ಲೇ, ಸಾಲ ಕೊಟ್ಟಿದ್ದ ಯುರೋಪಿನ ಶಕ್ತಿಗಳ ಒತ್ತಡದಿಂದ ಈಜಿಪ್ಟಿನ ಖೆದಿವ್ ಇಸ್ಮಾಯಿಲ್ ಪಟ್ಟದಿಂದ ಇಳಿದ. ಮೂರು ವರ್ಷಕ್ಕೆ ಬ್ರಿಟಿಷ್ ಸೈನ್ಯ ಆ ದೇಶವನ್ನು ವಶಪಡಿಸಿಕೊಂಡಿತು. ನೀಲಿ ಗೋಡೆಯ ಮುಂದೆ ಕೂತ ಗಂಡಸರ ಲೋಕದಲ್ಲಿ ಇದಾವುದರ ಸುಳಿವೂ ಇಲ್ಲ.

ಚಿತ್ರಕಾರ ಎಲ್ಲವನ್ನೂ ಬರೆಯಬೇಕೇ, ಹಾವಾಡಿಗನ ಹಿಂದೆ ರೈಲೂ ಇರಬೇಕೇ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಡ. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಕಲಾವಿದನ ಹಕ್ಕು. ಆದರೆ ಒಂದೇ ಆಯ್ಕೆಯನ್ನು ಜೀವಮಾನದುದ್ದಕ್ಕೂ ಮಾಡಿದರೆ ಅದರಲ್ಲಿ ಒಂದು ಅಭಿಪ್ರಾಯ ಅಡಗಿರುತ್ತದೆ. 1877ರಲ್ಲಿ ಅದೇ ಪ್ಯಾರಿಸ್ಸಿನ ಕ್ಲೋದ್ ಮೊನೆ ಸಾಂ-ಲಾಜಾರ್ ರೈಲು ನಿಲ್ದಾಣದ ಹೊಗೆಯನ್ನು ಸಾಲು ಸಾಲು ಚಿತ್ರಗಳಲ್ಲಿ ಹಿಡಿದ. ಆಧುನಿಕ ಬದುಕು ಚಿತ್ರಕ್ಕೆ ಯೋಗ್ಯವಾದ ವಸ್ತುವೇ ಎಂಬ ಚರ್ಚೆ ಆ ಊರಿನ ಕಲಾಲೋಕದಲ್ಲಿ ಕಾವೇರಿದ್ದ ಕಾಲ ಅದು. ಮೊನೆಯ ಬಳಗದ ಕಡುವಿರೋಧಿಯಾಗಿದ್ದ ಜೆರೋಮನಿಗೆ ಆ ಚರ್ಚೆ ಗೊತ್ತಿಲ್ಲದೆ ಇರಲಿಲ್ಲ. ಪೂರ್ವದೇಶಗಳನ್ನು ಕಾಲದ ಹರಿವಿನಿಂದ ಹೊರಗೆ ನಿಲ್ಲಿಸಿದ್ದು ಆತ ತಿಳಿದೇ ಮಾಡಿದ ಆಯ್ಕೆ.

ಈ ಆಯ್ಕೆ ಎಲ್ಲಿಂದ ಬಂತು ಎಂದು ಹುಡುಕಿದರೆ ದಾರಿ ಕೈರೋಗಿಂತ ಹೆಚ್ಚಾಗಿ ಪ್ಯಾರಿಸ್ಸಿನ ಸ್ಟುಡಿಯೋಗೇ ಕರೆದೊಯ್ಯುತ್ತದೆ. ಜೆರೋಮನ ನಾಲ್ಕು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1861ರ ‘ನ್ಯಾಯಮಂಡಳಿಯ ಮುಂದೆ ಫ್ರೈನೆ’: ಪ್ರಾಚೀನ ಅಥೆನ್ಸಿನಲ್ಲಿ ಬತ್ತಲಾದ ಹೆಣ್ಣೊಬ್ಬಳು ನಿಂತಿದ್ದಾಳೆ, ಕೆಂಪು ಉಡುಪಿನ ಗಂಡಸರು ಸಾಲಾಗಿ ಕೂತು ನೋಡುತ್ತಿದ್ದಾರೆ. ಅವಳಿಗೆ ಮಾದರಿಯಾಗಿ ಪ್ಯಾರಿಸ್ಸಿನ ಛಾಯಾಗ್ರಾಹಕ ನಾದಾರ್ ತೆಗೆದ ರೂಪದರ್ಶಿಯ ಫೋಟೋ ಇತ್ತು. 1866ರ ‘ಗುಲಾಮರ ಸಂತೆ’: ಅರಬ್ ಉಡುಪಿನ ಗಂಡಸರ ನಡುವೆ ಬತ್ತಲೆ ಹೆಣ್ಣು ನಿಂತಿದ್ದಾಳೆ, ಕೊಳ್ಳಲು ಬಂದವನು ಅವಳ ಹಲ್ಲು ಪರೀಕ್ಷಿಸುತ್ತಿದ್ದಾನೆ. 1879ರ ‘ಹಾವಾಡಿಗ’: ಬತ್ತಲೆ ಹುಡುಗ, ಸುತ್ತ ಉಡುಪು ತೊಟ್ಟು ಕೂತು ನೋಡುವ ಗಂಡಸರು. 1884ರ ಸುಮಾರಿನ ‘ರೋಮನ್ ಗುಲಾಮರ ಸಂತೆ’: ಮತ್ತೆ ಬತ್ತಲೆ ಹೆಣ್ಣು, ಮತ್ತೆ ದಿಟ್ಟಿಸುವ ಗಂಡಸರು. ಊರು ಬದಲಾಗಿದೆ, ಶತಮಾನ ಬದಲಾಗಿದೆ, ಕಟ್ಟೋಣ ಮಾತ್ರ ಅದೇ. ಒಂದು ಬತ್ತಲೆ ದೇಹ, ಅದನ್ನು ಸುತ್ತುವರಿದ ಹಲವು ಕಣ್ಣುಗಳು ಎಂಬ ಸೂತ್ರ ಮೊದಲೇ ಸಿದ್ಧವಿತ್ತು. ಗ್ರೀಸ್, ರೋಮ್, ಕೈರೋಗಳು ಅದಕ್ಕೆ ತೊಡಿಸಿದ ಬಟ್ಟೆ. ಬಟ್ಟೆಯ ನೇಯ್ಗೆ ನಿಖರವಾಗಿತ್ತು ಎಂಬುದರಿಂದ ಸೂತ್ರ ಕೈರೋದ್ದಾಗುವುದಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಜೆರೋಮ್ ಗ್ರೀಕರನ್ನೂ ರೋಮನ್ನರನ್ನೂ ಹೀಗೇ ಬರೆದನಾದರೆ ಪೂರ್ವದೇಶಗಳಿಗೆ ಅನ್ಯಾಯವಾಯಿತೆಂದು ದೂರುವುದು ಹೇಗೆ? ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವನ ಮೇಲೆ ಪಕ್ಷಪಾತದ ಆರೋಪ ಸಲ್ಲುತ್ತದೆಯೇ? ವ್ಯಕ್ತಿಯಾಗಿ ಜೆರೋಮನ ಮನಸ್ಸಿನಲ್ಲಿ ದ್ವೇಷ ಇತ್ತೇ ಎಂಬುದು ಪ್ರಶ್ನೆಯಾದರೆ ಈ ಆಕ್ಷೇಪಕ್ಕೆ ತೂಕ ಇದೆ. ಆದರೆ ಪ್ರಶ್ನೆ ಇರುವುದು ಚಿತ್ರ ಏನು ಹೇಳುತ್ತದೆ ಎಂಬುದರ ಬಗ್ಗೆ. ಅಥೆನ್ಸಿನ ಚಿತ್ರವನ್ನು ನೋಡುವವನಿಗೆ ಅದು ಸಾವಿರಾರು ವರ್ಷ ಹಿಂದಿನ ಮಾತು ಎಂದು ಗೊತ್ತು. ಇಂದಿನ ಗ್ರೀಕರು ಹೀಗೆ ಎಂದು ಯಾರೂ ಹೇಳುವುದಿಲ್ಲ. ಕೈರೋದ ಚಿತ್ರ ಬದುಕಿರುವ ಜನರ ಇಂದಿನ ನಡತೆ ಎಂಬಂತೆ ಬಂತು, ನೂರೈವತ್ತು ವರ್ಷಗಳ ಮೇಲೂ ಹಾಗೇ ಉಳಿದಿದೆ. 2019ರ ಯುರೋಪ್ ಸಂಸತ್ತಿನ ಚುನಾವಣೆಯಲ್ಲಿ ಜರ್ಮನಿಯ ಬಲಪಂಥೀಯ ಪಕ್ಷ ಎಎಫ್‌ಡಿ ಬರ್ಲಿನ್ನಿನಲ್ಲಿ ಅಂಟಿಸಿದ ಭಿತ್ತಿಪತ್ರಕ್ಕೆ ‘ಗುಲಾಮರ ಸಂತೆ’ಯನ್ನು ಬಳಸಿಕೊಂಡಿತು. ಯುರೋಪು ಅರಬ್ಬರ ನಾಡಾಗದಿರಲು ತನಗೆ ಮತ ಹಾಕಿ ಎಂಬುದು ಅದರ ಸಂದೇಶ. ಚಿತ್ರದ ಒಡೆತನವಿರುವ ಕ್ಲಾರ್ಕ್ ಸಂಸ್ಥೆ ಇದನ್ನು ಖಂಡಿಸಿ ಪತ್ರ ಬರೆಯಿತು, ಆದರೆ ಚಿತ್ರ ಹಕ್ಕುಸ್ವಾಮ್ಯದ ಅವಧಿ ದಾಟಿದ್ದರಿಂದ ತಡೆಯಲು ಕಾನೂನಿನ ದಾರಿ ಇರಲಿಲ್ಲ. ಅದೇ ಕಲಾವಿದನ ‘ರೋಮನ್ ಗುಲಾಮರ ಸಂತೆ’ ಆ ಭಿತ್ತಿಪತ್ರಕ್ಕೆ ಬರುತ್ತಿರಲಿಲ್ಲ, ಬಂದಿದ್ದರೂ ಯಾರನ್ನೂ ಹೆದರಿಸುತ್ತಿರಲಿಲ್ಲ. ಸೂತ್ರ ಒಂದೇ ಆಗಿದ್ದರೂ ಹೇಳಿಕೆ ಬೇರೆಯಾಗಿದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಒಟ್ಟೊಮನ್ ಆಳ್ವಿಕೆಯಲ್ಲಿ ಗುಲಾಮಗಿರಿ ಇತ್ತು, ಹೆಂಗಸರ ಮಾರಾಟ ನಡೆಯುತ್ತಿತ್ತು. ಇದನ್ನು ಮುಚ್ಚಿಡಬೇಕಾದ ಅಗತ್ಯ ಯಾರಿಗೂ ಇರಬಾರದು. ಫ್ರಾನ್ಸ್ ತನ್ನ ಕೆರಿಬಿಯನ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಿದ್ದು 1848ರಲ್ಲಿ ಎಂಬುದೂ ಅಷ್ಟೇ ನಿಜ. ಆಗ ಜೆರೋಮನಿಗೆ ಇಪ್ಪತ್ತನಾಲ್ಕು ವರ್ಷ. ಮಾರ್ಟಿನಿಕ್, ಗ್ವಾಡಲೂಪ್‌ಗಳಲ್ಲಿ ತನ್ನ ದೇಶದವರೇ ನಡೆಸಿದ ಸಂತೆ ಅವನ ಹೆಸರಾಂತ ಚಿತ್ರಗಳಲ್ಲಿ ಕಾಣುವುದಿಲ್ಲ. ಗುಲಾಮಗಿರಿಯ ಕ್ರೌರ್ಯ ಸದಾ ಇನ್ನೊಬ್ಬರ ಮನೆಯದು ಎಂಬ ಭಾವನೆ ಹುಟ್ಟುವುದು ಇಂಥ ಆಯ್ಕೆಯಿಂದ.

ಈಗ ಟೀಕಾಕಾರರ ಕಡೆಗೆ ತಿರುಗಬೇಕು. 1983ರಲ್ಲಿ ಅಮೆರಿಕದ ಕಲಾಚರಿತ್ರಕಾರ್ತಿ ಲಿಂಡಾ ನಾಕ್ಲಿನ್ ‘ಆರ್ಟ್ ಇನ್ ಅಮೆರಿಕ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ‘ಹಾವಾಡಿಗ’ನ ಬಗ್ಗೆ ಬಂದ ಅತ್ಯಂತ ಪ್ರಭಾವಶಾಲಿ ಬರಹ. ಚಿತ್ರದಲ್ಲಿ ಇರುವುದರಷ್ಟೇ ಇಲ್ಲದಿರುವುದನ್ನೂ ಗಮನಿಸಬೇಕು ಎಂದು ತೋರಿಸಿಕೊಟ್ಟದ್ದು ಅವರ ದೊಡ್ಡ ಕಾಣಿಕೆ: ಅಲ್ಲಿ ಇತಿಹಾಸ ಇಲ್ಲ, ನೋಡುತ್ತಿರುವ ಪಾಶ್ಚಾತ್ಯನೂ ಇಲ್ಲ, ಇದು ಕಲಾವಿದ ಕಟ್ಟಿದ್ದು ಎಂಬ ಕುರುಹೂ ಇಲ್ಲ. ಈ ಮೂರೂ ಮಾತುಗಳು ಇಂದಿಗೂ ಗಟ್ಟಿಯಾಗಿ ನಿಲ್ಲುತ್ತವೆ. ಆದರೆ ಅದೇ ಪ್ರಬಂಧ ಎರಡು ಕಡೆ ಮೊದಲ ಮೆಟ್ಟಿಲಿಗೇ ಇಳಿಯುತ್ತದೆ. ಗೋಡೆಯ ಬರಹದ ಬಹುಪಾಲು ಓದಲಾಗದಂಥದು ಎಂದು ಸೈದ್ ತಮಗೆ ಹೇಳಿದ್ದಾಗಿ ಟಿಪ್ಪಣಿಯೊಂದು ಬರುತ್ತದೆ. ಕೆಲವು ಭಾಗಗಳ ಮಟ್ಟಿಗೆ ಅದು ಸರಿ, ದೊಡ್ಡ ಪಟ್ಟಿಯ ಮಟ್ಟಿಗೆ ತಪ್ಪು. ಅರಬ್ಬಿ ಬಲ್ಲವರು ಅದನ್ನು ಓದಿ ತೋರಿಸಿದಾಗ ನಾಕ್ಲಿನ್ ಅವರ ಇಡೀ ವಾದವೇ ಬಿದ್ದುಹೋಯಿತೆಂದು ಎದುರಾಳಿಗಳು ಹೇಳಲು ಅವಕಾಶವಾಯಿತು. ವಾಸ್ತವವಾಗಿ ಬರಹ ಓದಲು ಬರುತ್ತದೆಯೋ ಇಲ್ಲವೋ ಎಂಬುದಕ್ಕೂ ಅವರ ಮುಖ್ಯ ವಾದಕ್ಕೂ ಸಂಬಂಧ ಇಲ್ಲ. ಅಕ್ಷರ ಅಕ್ಷರವೂ ಸರಿಯಿದ್ದರೂ ಆ ಗೋಡೆಯ ಮುಂದೆ ಆ ಆಟ ನಡೆಯಲಿಲ್ಲ. ಅನಗತ್ಯವಾದ ಕಡೆ ಕಾವಲು ಹಾಕಿದ್ದರಿಂದ ಬೇಕಾದ ಕೋಟೆಗೇ ಧಕ್ಕೆ ಬಂತು.

ಇನ್ನೊಂದು, ಒಡೆದ ಟೈಲುಗಳ ಮಾತು. ಮುರಿದ, ದುರಸ್ತಿ ಕಾಣದ ಗೋಡೆಯ ಮೂಲಕ ಇಸ್ಲಾಮೀ ಸಮಾಜ ಸೋಮಾರಿತನದಿಂದ ಹಾಳಾಗಿದೆ ಎಂದು ಜೆರೋಮ್ ಸೂಚಿಸುತ್ತಾನೆ ಎಂಬುದು ನಾಕ್ಲಿನ್ ಅವರ ಓದು. ಒಡೆದ ಟೈಲು ತಾನಾಗಿಯೇ ಅಂಥ ಅರ್ಥ ಕೊಡುತ್ತದೆಯೇ ಎಂದು ಪರೀಕ್ಷಿಸಲು ತುರ್ಕಿಯ ಉಸ್ಮಾನ್ ಹಮ್ದಿ ಬೇ ಬರೆದ ಚಿತ್ರವೊಂದಿದೆ. 1860ರಲ್ಲಿ ಕಾನೂನು ಓದಲು ಪ್ಯಾರಿಸ್ಸಿಗೆ ಹೋಗಿ ಜೆರೋಮನ ಪಂಥದ ಚಿತ್ರಕಲೆ ಕಲಿತು ಬಂದ ಹಮ್ದಿ, ಮುಂದೆ ಇಸ್ತಾಂಬುಲಿನ ಸಾಮ್ರಾಜ್ಯ ಮ್ಯೂಸಿಯಮ್ಮಿನ ಮುಖ್ಯಸ್ಥನಾದ, ಅಲ್ಲಿನ ಲಲಿತಕಲಾ ಶಾಲೆಯನ್ನು ಕಟ್ಟಿದ. 1906ರ ಅವನ ‘ಆಮೆ ಪಳಗಿಸುವವನು’ ಚಿತ್ರದಲ್ಲೂ ನೀಲಿ ಟೈಲಿನ ಗೋಡೆ ಇದೆ, ಅಲ್ಲೂ ಟೈಲುಗಳು ಉದುರಿವೆ, ಅಲ್ಲೂ ಮುದುಕನ ಕೈಯಲ್ಲಿ ಕೊಳಲು ಇದೆ, ಅಲ್ಲೂ ಪ್ರಾಣಿಗಳಿವೆ. ಹಮ್ದಿಯೂ ತನ್ನದೇ ಫೋಟೋಗಳನ್ನು ಮಾದರಿಯಾಗಿಟ್ಟುಕೊಂಡು, ನಿಜವಾದ ವಸ್ತುಗಳನ್ನು ಜೋಡಿಸಿ ಚಿತ್ರ ಕಟ್ಟುತ್ತಿದ್ದ. ವಿಧಾನ ಒಂದೇ. ಆದರೆ ಮುದುಕ ಬೆನ್ನ ಹಿಂದೆ ಕೊಳಲು ಹಿಡಿದು, ತಲೆ ಬಾಗಿಸಿ, ಸೊಪ್ಪು ಮೆಲ್ಲುವ ಆಮೆಗಳನ್ನು ನೋಡುತ್ತ ಯೋಚನೆಯಲ್ಲಿದ್ದಾನೆ. ಅವನು ಆಲೋಚಿಸಬಲ್ಲ ಮನುಷ್ಯ. ಮಂದಗತಿಯ ವಿದ್ಯಾರ್ಥಿಗಳನ್ನು ಹೊತ್ತ ಸುಧಾರಕನ ತಾಳ್ಮೆಯನ್ನು, ಸವೆಯುತ್ತಿರುವ ತನ್ನದೇ ನಾಡಿನ ಬಗೆಗಿನ ವಿಷಾದವನ್ನು ಅನೇಕರು ಅಲ್ಲಿ ಕಂಡಿದ್ದಾರೆ. ಉದುರಿದ ಟೈಲು ಒಂದು ಕಡೆ ಆಪಾದನೆಯಾಗಿ, ಇನ್ನೊಂದು ಕಡೆ ಅಳಲಾಗಿ ಓದಿಸಿಕೊಳ್ಳುತ್ತದೆ ಎಂದಮೇಲೆ ಅರ್ಥ ಇರುವುದು ಟೈಲಿನಲ್ಲಲ್ಲ, ಅದನ್ನು ಯಾರ ಬೆನ್ನಿಗೆ, ಯಾರ ಕಣ್ಣಿಗಾಗಿ ಇಟ್ಟರು ಎಂಬುದರಲ್ಲಿ.

ಕಲೆಯನ್ನು ಕಲೆಯಾಗಿ ನೋಡದೆ ಹೀಗೆ ಸಾಕ್ಷಿಕಟ್ಟೆಗೆ ಎಳೆಯುವುದೇ ತಪ್ಪಲ್ಲವೇ ಎಂಬ ಆಕ್ಷೇಪವೂ ಇದೆ. ಜೆರೋಮ್ ವರದಿಗಾರನಾಗಲು ಒಪ್ಪಿಕೊಂಡಿರಲಿಲ್ಲ, ಬಣ್ಣ, ಬೆಳಕು, ಕಟ್ಟೋಣಗಳ ಕೌಶಲದಿಂದಷ್ಟೇ ಅವನನ್ನು ಅಳೆಯಬೇಕು ಎನ್ನುವವರಿದ್ದಾರೆ. ಚಿತ್ರ ಗ್ಯಾಲರಿಯ ಗೋಡೆಯಲ್ಲಿ ಸುಮ್ಮನೆ ಉಳಿದಿದ್ದರೆ ಈ ವಾದಕ್ಕೆ ಹೆಚ್ಚು ಬಲ ಇರುತ್ತಿತ್ತು. ಆದರೆ ಅದು ಉಳಿಯಲಿಲ್ಲ, ಉಳಿಯಲೆಂದು ಬರೆದದ್ದೂ ಅಲ್ಲ. ಜೆರೋಮನ ಮಾವ ಅಡಾಲ್ಫ್ ಗೂಪಿಲ್ ಯುರೋಪಿನ ದೊಡ್ಡ ಕಲಾ ವ್ಯಾಪಾರಿ ಮತ್ತು ಚಿತ್ರ ಪ್ರಕಾಶಕ. ಅವನ ಸಂಸ್ಥೆ ಜೆರೋಮನ ಚಿತ್ರಗಳನ್ನು ಅಚ್ಚುಹಾಕಿ, ಹಲವು ಗಾತ್ರಗಳಲ್ಲಿ ಮಧ್ಯಮವರ್ಗದ ಮನೆಮನೆಗೆ ತಲುಪಿಸಿತು. ಜೆರೋಮ್ ಚಿತ್ರ ಬರೆಯುವುದೇ ಪ್ರತಿಗಳ ಮಾರಾಟಕ್ಕಾಗಿ ಎಂದು ಲೇಖಕ ಎಮಿಲ್ ಜೋಲಾ 1867ರಲ್ಲೇ ದೂರಿದ್ದ. ‘ಹಾವಾಡಿಗ’ನನ್ನು 1888ರಲ್ಲಿ ನ್ಯೂಯಾರ್ಕಿನ ಆಲ್ಫ್ರೆಡ್ ಕಾರ್ನಿಂಗ್ ಕ್ಲಾರ್ಕ್ 19,500 ಡಾಲರಿಗೆ ಕೊಂಡ. ಕೈಬದಲಾದ ಚಿತ್ರವನ್ನು ಅವನ ಮಗ 1942ರಲ್ಲಿ ಮತ್ತೆ ಕೊಂಡಾಗ ಬೆಲೆ 500 ಡಾಲರಿಗೆ ಕುಸಿದಿತ್ತು. ಕಲಾಭಿರುಚಿ ಬದಲಾಗಿ ಅದರ ಕಲಾಮೌಲ್ಯ ನೆಲ ಕಚ್ಚಿದರೂ, ಪೂರ್ವದೇಶ ಹೀಗಿತ್ತು ಎಂಬ ಅದರ ಮಾತಿಗೆ ಇದ್ದ ಬೆಲೆ ಇಳಿಯಲಿಲ್ಲ. ಕಲೆಯಾಗಿ ಸೋತ ಮೇಲೂ ಸಾಕ್ಷಿಯಾಗಿ ಬಾಳಿದ ಚಿತ್ರವನ್ನು ಸಾಕ್ಷಿಯ ನಿಯಮಗಳಿಂದ ಪರೀಕ್ಷಿಸುವುದು ನ್ಯಾಯವೇ.

ಹಾಗಾದರೆ ಎಲ್ಲ ಚಿತ್ರಗಳೂ ಕಟ್ಟಿದವೇ, ಯಾವುದನ್ನೂ ನಂಬುವಂತಿಲ್ಲ ಎಂಬ ತೀರ್ಮಾನಕ್ಕೆ ಬರಬೇಕೇ? ಅದೂ ತಪ್ಪು. ಜೆರೋಮನ ಬಳಿ ಕಲಿತ ರಷ್ಯದ ವಸೀಲಿ ವೆರೆಷ್‌ಚಾಗಿನ್ 1874ರಿಂದ 1876ರವರೆಗೂ, ಮತ್ತೆ 1882–83ರಲ್ಲೂ ಭಾರತದಲ್ಲಿ ಓಡಾಡಿದ. 1884ರ ಸುಮಾರಿಗೆ, ಬ್ರಿಟಿಷರು ದಂಗೆಕೋರರನ್ನು ಫಿರಂಗಿಯ ಬಾಯಿಗೆ ಕಟ್ಟಿ ಉಡಾಯಿಸುವ ದೃಶ್ಯ ಬರೆದ. 1857ರ ದಂಗೆಯ ದಮನ ಎಂದು ಹೆಸರಾದರೂ ಸೈನಿಕರು ತೊಟ್ಟ ಸಮವಸ್ತ್ರ 1880ರ ದಶಕದ್ದು. ವಿವರದ ಲೆಕ್ಕದಲ್ಲಿ ಇದು ದೊಡ್ಡ ತಪ್ಪು, ಲಂಡನ್ನಿನಲ್ಲಿ ಚಿತ್ರ ವಿವಾದಕ್ಕೂ ಒಳಗಾಯಿತು. ಆದರೆ ಚಿತ್ರ ಹೇಳಿದ ಮಾತು ನಿಜ. 1857ರಲ್ಲಿ ಈ ಶಿಕ್ಷೆ ನಡೆದದ್ದಕ್ಕೆ ಬ್ರಿಟಿಷರದೇ ದಾಖಲೆಗಳಿವೆ, 1872ರ ಜನವರಿಯಲ್ಲಿ ಪಂಜಾಬಿನ ಮಲೇರ್‌ಕೋಟ್ಲಾದಲ್ಲಿ ಅರವತ್ತಕ್ಕೂ ಹೆಚ್ಚು ನಾಮಧಾರಿ ಸಿಖ್ಖರನ್ನು ವಿಚಾರಣೆಯಿಲ್ಲದೆ ಹೀಗೇ ಕೊಂದರು. ಗುರುವಿನ ಚಿತ್ರದಲ್ಲಿ ವಿವರ ಸರಿ, ಹೇಳಿಕೆ ತಪ್ಪು. ಶಿಷ್ಯನ ಚಿತ್ರದಲ್ಲಿ ವಿವರ ತಪ್ಪು, ಹೇಳಿಕೆ ಸರಿ. ಎರಡನ್ನೂ ತೀರ್ಮಾನಿಸಿದ್ದು ಚಿತ್ರದ ನಯಗಾರಿಕೆಯಲ್ಲ, ಚಿತ್ರದ ಹೊರಗಿನ ದಾಖಲೆಗಳು.

ಈ ವಿವೇಚನೆ ಕನ್ನಡಿಗರಿಗೆ ದೂರದ ಮಾತಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ರಾತ್ರಿ ಟಿಪ್ಪು ಸುಲ್ತಾನನ ಶವ ಪತ್ತೆಯಾದ ಕ್ಷಣವನ್ನು ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ ನಲವತ್ತು ವರ್ಷಗಳ ಮೇಲೆ, 1839ರಲ್ಲಿ, ದೊಡ್ಡ ತೈಲಚಿತ್ರವಾಗಿ ಬರೆದ. ಬರೆಸಿದ್ದು ದಾಳಿಯ ಮುಂದಾಳು ಡೇವಿಡ್ ಬೇರ್ಡನ ವಿಧವೆ. ವಿಲ್ಕಿ ಭಾರತಕ್ಕೆ ಬಂದವನೇ ಅಲ್ಲ. ಚಿತ್ರದಲ್ಲಿ ಬೇರ್ಡ್ ಎತ್ತರದಲ್ಲಿ ನಿಂತಿದ್ದಾನೆ, ಟಿಪ್ಪುವಿನ ದೇಹ ಕೆಳಗೆ ನೆರಳಿನಲ್ಲಿದೆ, ಬೇರ್ಡನ ಕಾಲ ಬಳಿ ನೆಲಮಾಳಿಗೆಯ ಕಬ್ಬಿಣದ ಜಾಲರಿ ಕಾಣುತ್ತದೆ. 1780ರಿಂದ 1784ರವರೆಗೆ ಅವನು ಅದೇ ಊರಿನಲ್ಲಿ ಸೆರೆಯಾಗಿದ್ದ ಎಂಬುದನ್ನು ಆ ಜಾಲರಿ ನೆನಪಿಸುತ್ತದೆ. ಸೆರೆ ನಿಜ, ಶವ ಸಿಕ್ಕದ್ದೂ ನಿಜ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟಾಗ ಹುಟ್ಟುವ ಮಾತು ಬೇರೆ: ಒಂದು ರಾಜ್ಯವನ್ನು ಕಬಳಿಸಿದ ಯುದ್ಧ ಒಬ್ಬ ಸೆರೆಯಾಳಿಗೆ ತಡವಾಗಿ ಸಿಕ್ಕ ನ್ಯಾಯವಾಗಿ ತೋರುತ್ತದೆ. ಮೈಸೂರು ಯುದ್ಧಗಳ ಕುರಿತ ಬರಹಗಳ ಜೊತೆ ಇಂಥ ಬ್ರಿಟಿಷ್ ಚಿತ್ರಗಳು ಎಷ್ಟೋ ಸಲ ಬರಿಯ ಘಟನೆಯ ಹೆಸರು ಹೊತ್ತು ಅಚ್ಚಾಗುತ್ತವೆ, ಓದುವ ಮಕ್ಕಳು ಅವನ್ನು ಆ ದಿನದ ನೋಟವೆಂದೇ ತಿಳಿಯುತ್ತಾರೆ. ಚಿತ್ರವನ್ನು ತೆಗೆದುಹಾಕಬೇಕಾದ ಅಗತ್ಯ ಇಲ್ಲ. ಬರೆದವನು ಯಾರು, ಯಾವ ವರ್ಷ, ಯಾವ ಊರಿನಲ್ಲಿ ಕೂತು, ಯಾರು ಹಣ ಕೊಟ್ಟು ಬರೆಸಿದ್ದು, ಅವನು ಆ ಸ್ಥಳವನ್ನು ಕಂಡಿದ್ದನೇ ಎಂಬ ಐದು ಸಂಗತಿಗಳನ್ನು ಚಿತ್ರದ ಕೆಳಗೆ ಎರಡು ಸಾಲಿನಲ್ಲಿ ಮುದ್ರಿಸುವುದನ್ನು ಪಠ್ಯಪುಸ್ತಕ ಸಮಿತಿಗಳೂ ಪ್ರಕಾಶಕರೂ ಸಂಪಾದಕರೂ ಕಡ್ಡಾಯ ಮಾಡಿಕೊಳ್ಳಬೇಕು. ಅಷ್ಟಾದರೆ ಹೈಸ್ಕೂಲಿನ ಹುಡುಗಿಯೊಬ್ಬಳು ಅದೇ ಜಾಲರಿಯನ್ನು ನೋಡಿ, ಸ್ಕಾಟ್ಲೆಂಡಿನ ಕಲಾವಿದನಿಗೆ 1839ರಲ್ಲಿ ಅದು ಯಾಕೆ ಬೇಕಾಯಿತು ಎಂದು ತನ್ನ ಮೇಷ್ಟ್ರನ್ನು ಕೇಳಬಹುದು, ಮೇಷ್ಟ್ರಿಗೂ ಉತ್ತರ ಹೇಳಲು ಆಧಾರ ಪುಟದಲ್ಲೇ ಇರುತ್ತದೆ.